ಮೈಕ್ ಟೀಚರ್ ನುಂಗಿಕೊಂಡ ಸುದ್ದಿ

ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನ ನಾನು ಸರಿಯಾಗಿ ನೋಡಿದ್ದು ಗಂಡನ ಮುಖವನ್ನಲ್ಲ, ನಾದಿನಿಯ ಮುಖವನ್ನು. ನಡುಮನೆಯ ಬೆಂಚಿನ ಮೇಲೆ ಅಣ್ಣನ ಪಕ್ಕಕ್ಕೆ ಅಂಟಿಕೊಂಡು ಕೂತಿದ್ದಳು. ಹನ್ನೊಂದು ವರ್ಷದ ಹುಡುಗಿ, ಎರಡು ಜಡೆ, ಒಂದರ ರಿಬ್ಬನ್ನು ಬಿಚ್ಚಿಹೋಗಿತ್ತು. ಅತ್ತೆ, "ಏಳೇ ಪುಟ್ಟಿ, ಅತ್ತಿಗೆ ಕೂತ್ಕೊಳ್ಳಲಿ" ಎಂದರು. ಅವಳು ಏಳಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿ, "ಇದು ನನ್ನ ಜಾಗ. ಇವರು ನಿನ್ನೆವರೆಗೂ ಎಲ್ಲಿ ಕೂತಿದ್ರೋ ಅಲ್ಲೇ ಹೋಗಿ ಕೂರಲಿ" ಎಂದಳು.

ಮನೆಯವರೆಲ್ಲ ನಕ್ಕರು. ನನಗೆ ನಗುವ ಧೈರ್ಯವಿರಲಿಲ್ಲ. ಅತ್ತೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಾ, "ಬೇಜಾರು ಮಾಡ್ಕೋಬೇಡಮ್ಮ. ಇವಳ ಹೊಟ್ಟೆಯಲ್ಲೇ ಒಂದು ಒಲೆ ಇದೆ. ಸೌದೆ ಹಾಕೋದೇ ಬೇಡ, ತಾನಾಗೇ ಉರಿಯುತ್ತೆ" ಎಂದರು.

ಆ ಒಲೆಯ ಪಕ್ಕದಲ್ಲೇ ನನ್ನ ಬಾಳು ಕಳೆಯಿತು. ಹಾಗಾಗಿ ಅದು ಯಾವುದಕ್ಕೆ ಉರಿಯುತ್ತಿತ್ತು, ಯಾವುದಕ್ಕೆ ಉರಿಯುತ್ತಿರಲಿಲ್ಲ ಎಂದು ನಾನು ಹೇಳಬಲ್ಲೆ. ಬಟ್ಟೆ, ಒಡವೆ, ಪಕ್ಕದ ಮನೆಯವರ ಹೊಸ ಪಾತ್ರೆ, ಇವು ಯಾವುದನ್ನು ಕಂಡೂ ಪುಟ್ಟಿ ಕರುಬಿದವಳಲ್ಲ. ತನ್ನೆದುರಿಗೆ ಬೇರೆಯವರನ್ನು ಯಾರಾದರೂ ಹೊಗಳಿದರೆ ಮಾತ್ರ ತಡೆಯಲು ಆಗುತ್ತಿರಲಿಲ್ಲ. "ಆ ಹುಡುಗಿ ಎಷ್ಟು ಚೆನ್ನಾಗಿ ಹಾಡ್ತಾಳೆ" ಎಂದು ಅತ್ತೆ ಹೇಳಿದರೆ ಸಾಕು, ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಅವಳಿಗೆ ಒಂದು ಗಂಡಿನ ಮಾತು ಬಂದಿತ್ತು. ಮನೆಗೆ ಬಂದವನು ಒಳ್ಳೆಯವನೇ. ಕುರ್ಚಿಯ ಮೇಲಿದ್ದ ಅರ್ಧ ಹೊಲಿದ ಅಂಗಿಯನ್ನು ಎತ್ತಿ ನೋಡಿ, "ಕಾಜಾ ಎಷ್ಟು ಅಚ್ಚುಕಟ್ಟಾಗಿ ಹಾಕಿದ್ದೀರಿ" ಎಂದು ಪುಟ್ಟಿಗೇ ಹೇಳಿದ. ನನ್ನ ಯಜಮಾನರ ಬಾಯಿ ಸುಮ್ಮನಿರಬೇಕಲ್ಲ! "ಕಾಜಾ ನನ್ನ ಹೆಂಡತಿ ಹಾಕಿದ್ದು" ಎಂದುಬಿಟ್ಟರು. ಬಂದವರು ಬೀದಿ ತಿರುವು ದಾಟಿರಲಿಲ್ಲ, ಇವಳು, "ಅತ್ತಿಗೆ ಕಾಜಾ ಹೊಗಳಿದೋನಿಗೆ ಅತ್ತಿಗೆಯಂಥವಳೇ ಸಿಗಲಿ, ನನಗಂತೂ ಬೇಡ" ಎಂದಳು. ಆಮೇಲೆ ಎಷ್ಟು ಮಾತು ಬಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲಿಗೆ ಕಲಿತಳು, ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆದಳು.

ಹೈಸ್ಕೂಲೆಂದರೆ ದೂರವೇನಲ್ಲ. ನಮ್ಮ ಹಿತ್ತಿಲ ಗೋಡೆಯೇ ಶಾಲೆಯ ಕಾಂಪೌಂಡು. ಅಡುಗೆಮನೆಯ ಕಿಟಕಿ ತೆರೆದರೆ ಆಟದ ಬಯಲು, ಬಯಲಿನ ಆಚೆ ದೊಡ್ಡ ಸಿಮೆಂಟಿನ ನೀರಿನ ಟ್ಯಾಂಕು, ಅದರ ಕೆಳಗೆ ಸಾಲು ನಲ್ಲಿಗಳು. ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಅದರಲ್ಲೇ ಪುಟ್ಟಿ ಹೋಗಿ ಬರುತ್ತಿದ್ದಳು, ಮಧ್ಯಾಹ್ನದ ಊಟಕ್ಕೂ ಮನೆಗೇ.

ಹೊಲಿಗೆ ಪಾಸು ಫೇಲು ಇಲ್ಲದ ವಿಷಯ. ಲೆಕ್ಕದ ಮೇಷ್ಟ್ರಿಗೆ ಪಾಠ ಉಳಿದರೆ ಹೊಲಿಗೆಯ ಪೀರಿಯಡ್ಡೇ ಹೋಗುತ್ತಿತ್ತು. ಟೀಚರುಗಳ ಕೋಣೆಯಲ್ಲಿ ಅವಳ ಕುರ್ಚಿ ಬಾಗಿಲ ಪಕ್ಕ. ಒಳಗೆ ಬಂದವರೆಲ್ಲ ಒಮ್ಮೆ ಅದಕ್ಕೆ ಎಡವಿಯೇ ಮುಂದೆ ಹೋಗುವುದು. ಹೀಗಿರುವಾಗ ಅವಳಿಗೆ ಮೈಕು ಸಿಕ್ಕಿತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಸುದ್ದಿ ಓದುವುದು ಹಳೆಯ ಹೆಡ್‌ಮಾಸ್ಟರ ಕೆಲಸ. ಅವರು ಹಲ್ಲುಸೆಟ್ಟು ಕಟ್ಟಿಸಿಕೊಂಡ ಮೇಲೆ ಮೈಕಿನಲ್ಲಿ ಸುದ್ದಿಗಿಂತ ಸಿಳ್ಳೆಯೇ ಹೆಚ್ಚಾಗಿ ಕೇಳಿ ಮಕ್ಕಳು ನಗತೊಡಗಿದರು. ಒಂದು ಬೆಳಿಗ್ಗೆ ಅವರು ಬೇಸತ್ತು, ಹತ್ತಿರ ನಿಂತಿದ್ದ ಪುಟ್ಟಿಯ ಕೈಗೆ ಕಾಗದ ಕೊಟ್ಟರು. ಅಂದಿನಿಂದ ಮೈಕು ಅವಳದಾಯಿತು. ಮಕ್ಕಳು ಹೊಲಿಗೆ ಟೀಚರ್ ಎನ್ನುವುದನ್ನು ಬಿಟ್ಟು ಮೈಕ್ ಟೀಚರ್ ಎಂದರು. ಆ ಹೆಸರು ಕೇಳಿದಾಗ ಅವಳ ಕುತ್ತಿಗೆ ಒಂದು ಬೆರಳು ಉದ್ದವಾಗುತ್ತಿತ್ತು.

ಕಡೆಯ ಗಂಟೆ ಬಾರಿಸಿದ ಮೇಲೆ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ತರಗತಿಯಿಂದ ತರಗತಿಗೆ ಹೋಗಿ ಸುದ್ದಿ ಕೂಡಿಸುತ್ತಿದ್ದಳು. ಯಾರು ಚರ್ಚೆಯಲ್ಲಿ ಗೆದ್ದರು, ಯಾರ ಕೊಡೆ ಸಿಕ್ಕಿದೆ, ಯಾವ ನಲ್ಲಿ ಕೆಟ್ಟಿದೆ, ಆಟದ ಸಾಮಾನಿನ ಕೋಣೆಯಲ್ಲಿ ಯಾವ ಬೆಕ್ಕು ಮರಿ ಹಾಕಿದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಓದಿ ಅಭ್ಯಾಸ ಮಾಡುತ್ತಿದ್ದಳು. ಬೆಕ್ಕಿನ ಮರಿಯನ್ನು ಸಹ "ಸಮಸ್ತ ವಿದ್ಯಾರ್ಥಿ ವೃಂದದ ಅವಗಾಹನೆಗೆ ತರಬಯಸುವುದೇನೆಂದರೆ" ಎಂದೇ ಶುರು ಮಾಡುವುದು. ಬೆಳಿಗ್ಗೆ ನಾನು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದೆ. ಧ್ವನಿ ಏರುತ್ತಿತ್ತು, ಇಳಿಯುತ್ತಿತ್ತು, ಟ್ಯಾಂಕಿಗೆ ಹೊಡೆದು ವಾಪಸು ಬರುತ್ತಿತ್ತು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಮೈಕೆಂದರೆ ಹಾಗೇ ಇರುತ್ತದೆ, ಅದು ಓದಿದವರ ಭಾಷೆ, ಅಕ್ಷರ ಕೂಡಿಸಿ ಓದುವ ನನ್ನಂಥವಳಿಗಲ್ಲ ಎಂದುಕೊಂಡಿದ್ದೆ. ಚಪ್ಪಲಿ ಮೆಟ್ಟಿ ಆ ಸಣ್ಣ ಬಾಗಿಲು ದಾಟಿ ಹೋಗುವ ಅವಳನ್ನು ಕಂಡು ನನಗೂ ಒಂದು ಚೂರು ಕಿಚ್ಚು ಹತ್ತುತ್ತಿತ್ತು. ನನ್ನ ಧ್ವನಿ ಹಾಲು ಉಕ್ಕಿದಾಗ ಮಾತ್ರ ಏರುವಂಥದ್ದು.

ಅತ್ತೆ ಹೋದರು, ಯಜಮಾನರೂ ಹೋದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು.

ಆ ವರ್ಷ ಶಾಲೆಗೆ ಹೊಸ ಹೆಡ್‌ಮಿಸ್ ಬಂದರು. ರಜೆಯ ಕಡೆಯ ದಿನ ಬೆಂಚುಗಳಿಗೆಲ್ಲ ಹಸಿರು ಬಣ್ಣ ಬಳಿಸಿದರು, ಹೊಸ ಟರ್ಮಿನ ಮೊದಲ ದಿನವೇ ಟೀಚರುಗಳ ಸಭೆ ಕರೆದರು. ಮಧ್ಯಾಹ್ನ ಪುಟ್ಟಿ ಊಟಕ್ಕೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಇನ್ಮೇಲೆ ಸುದ್ದಿ ಮಕ್ಕಳೇ ಓದ್ಬೇಕಂತೆ."

"ಮತ್ತೆ ನೀನು?"

"ನಾನು ಸುದ್ದಿ ಕೂಡಿಸಿ ಕೊಡ್ಬೇಕಂತೆ. ಅಡುಗೆ ನಾನು ಮಾಡೋದು, ಬಡಿಸೋದು ಅವಳು."

"ಅವಳು ಅಂದ್ರೆ ಯಾರು?"

"ಮೂಲೆಯ ಇಸ್ತ್ರಿಯವನ ಮಗಳು. ಒಂಬತ್ತನೇ ಕ್ಲಾಸು. ಅಪ್ಪ ಊರಿನವರ ಬಟ್ಟೆ ಸುಕ್ಕು ತೆಗೀತಾನೆ, ಮಗಳು ನನ್ನ ಮುಖಕ್ಕೆ ಸುಕ್ಕು ಹಾಕೋಕೆ ಬಂದಿದ್ದಾಳೆ."

ನನಗೆ ನಗು ಬಂತು, ತಡೆದುಕೊಂಡೆ. ಹೆಡ್‌ಮಿಸ್ ಒಂದು ಮಾತು ಹೇಳಿದ್ದರಂತೆ: ಒಂದು ತಿಂಗಳು ಆ ಹುಡುಗಿಯ ಕೈಲಿ ಓದಿಸಿ ನೋಡೋಣ, ಸರಿಹೋಗದಿದ್ದರೆ ಮೈಕು ಮತ್ತೆ ನಿಮ್ಮದೇ. ಪುಟ್ಟಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಒಂದು ತಿಂಗಳು ತಾನೆ? ಎಡವೇ ಎಡವುತ್ತಾಳೆ ಬಿಡಿ" ಎಂದು ಕೂತು ಉಂಡಳು.

ಮರುದಿನ ಬೆಳಿಗ್ಗೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಪ್ರಾರ್ಥನೆ ಮುಗಿಯಿತು. ಮೈಕಿನಲ್ಲಿ ತೆಳ್ಳನೆಯ ಒಂದು ಧ್ವನಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ:

"ಎಂಟನೇ ಕ್ಲಾಸಿನ ಬೆಂಚಿಗೆ ಬಣ್ಣ ಬಳಿದಿದ್ದಾರೆ. ಅದು ಇನ್ನೂ ಒಣಗಿಲ್ಲ. ಒಣಗಿಲ್ಲ ಅಂತ ಹೇಗೆ ಗೊತ್ತು? ಎಂಟನೇ ಕ್ಲಾಸಿನವರು ಎಲ್ಲರೂ ದಯವಿಟ್ಟು ಒಂದು ಸಲ ಹಿಂದಕ್ಕೆ ತಿರುಗಿ."

ಕಿಟಕಿಯಿಂದ ಇಣುಕಿದೆ. ಎಂಟನೆಯವರ ಬಿಳಿಯ ಅಂಗಿಗಳ ಬೆನ್ನ ಮೇಲೆಲ್ಲ ಹಸಿರು ಪಟ್ಟೆ. ಇಡೀ ಬಯಲು ನಕ್ಕಿತು. ಈರುಳ್ಳಿಯ ನೀರು ಯಾವುದು, ನಗುವಿನ ನೀರು ಯಾವುದು ಗೊತ್ತಾಗದಂತೆ ನಾನೂ ನಕ್ಕೆ. ನಕ್ಕಮೇಲೆ ಹೊಳೆಯಿತು: ಮಾತು ತಿಳಿದಿತ್ತು. ಒಂದೊಂದೂ ತಿಳಿದಿತ್ತು.

ಮಧ್ಯಾಹ್ನ ಪುಟ್ಟಿ ಬಂದವಳೇ, "ನೀವೂ ನಕ್ರಂತೆ?" ಎಂದಳು.

"ಯಾರು ಹೇಳಿದ್ರು?"

"ಡ್ರಿಲ್ ಮೇಷ್ಟ್ರು. ಹಿಂದಿನ ಮನೆ ಕಿಟಕಿಯಿಂದಲೂ ನಗು ಬಂತು ಟೀಚರ್ ಅಂತ ಹಲ್ಲು ಕಿರಿದ್ರು. ಮನೇಲಿ ನನ್ನ ಅನ್ನ, ನಗೋದು ಆ ಕಡೆ."

"ಅನ್ನ ನಾನು ಮಾಡಿದ್ದಲ್ವಾ?" ಎಂದೆ.

ಆಮೇಲೆ ಅವಳು ಒಂದು ಉಪಾಯ ಹೂಡಿದಳು. ಒಳ್ಳೆಯ ಸುದ್ದಿಯನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು ಹುಡುಗಿಗೆ ಸಿಪ್ಪೆ ಮಾತ್ರ ಕೊಡುವುದು. ಚೆಸ್ಸಿನಲ್ಲಿ ಗೆದ್ದ ಸುದ್ದಿ ಕೊಡಲಿಲ್ಲ. ಕೆಟ್ಟ ನಲ್ಲಿಯ ಸುದ್ದಿ ಕೊಟ್ಟಳು. ಆ ಹುಡುಗಿ ಸಿಪ್ಪೆಯಲ್ಲೇ ಹಬ್ಬ ಮಾಡುವವಳು. "ಮೂರನೇ ನಲ್ಲಿ ತಿರುಗಿಸಿದ್ರೆ ನೀರು ಕೆಳಗೆ ಬರಲ್ಲ, ಮುಖಕ್ಕೆ ಬರುತ್ತೆ. ಮನೇಲಿ ಮುಖ ತೊಳೆಯದೆ ಬಂದಿರೋರಿಗೆ ಅನುಕೂಲ" ಎಂದಳು. ಅಂದು ಮೂರನೇ ನಲ್ಲಿಗೆ ಸಾಲುಗಟ್ಟಿ ನಿಂತರು ಮಕ್ಕಳು. ಪುಟ್ಟಿ ಮನೆಗೆ ಬಂದು ಬಾಗಿಲು ಹಾಕಿದ ರಭಸಕ್ಕೆ ಗೋಡೆಯ ಮೇಲಿದ್ದ ಅವಳಣ್ಣನ ಫೋಟೋ ಓರೆಯಾಯಿತು. ನೇರ ಮಾಡಿದವಳು ನಾನು.

ತಿಂಗಳು ಮುಗಿಯುತ್ತಾ ಬಂತು. ಶನಿವಾರ ಮಧ್ಯಾಹ್ನ ಪೋಷಕರ ಸಭೆ ಎಂದು ಮೊದಲೇ ಗೊತ್ತಾಗಿತ್ತು. ಬುಧವಾರ ಸಂಜೆ ಹೆಡ್‌ಮಿಸ್ ಪುಟ್ಟಿಯನ್ನು ಕರೆದು, ಶನಿವಾರ ಇಡೀ ದಿನ ಕರೆಂಟು ಇರುವುದಿಲ್ಲವಂತೆ, ಸಭೆಯನ್ನು ಶುಕ್ರವಾರ ಮೂರು ಗಂಟೆಗೆ ಮಾಡೋಣ, ಮಕ್ಕಳಿಗೆ ತಿಳಿಸಿಬಿಡಿ ಎಂದರು. ಪುಟ್ಟಿ ಮನೆಗೆ ಬಂದಾಗ ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು.

"ಇಷ್ಟು ದೊಡ್ಡ ಸುದ್ದಿನ ಆ ಮಗು ಬಾಯಲ್ಲಿ ಹೇಳ್ಸೋಕಾಗುತ್ತಾ ಅತ್ತಿಗೆ? ನಾಳೆ ನನ್ನನ್ನೇ ಮೈಕಿಗೆ ಕರೀತಾರೆ ನೋಡಿ."

"ಕರೀತೀನಿ ಅಂದ್ರಾ?"

"ಅನ್ನಬೇಕಾ? ತಿಳಿಸಿಬಿಡಿ ಅಂದ್ರಲ್ಲ, ಅದರ ಅರ್ಥವೇ ಅದು."

ಗುರುವಾರ ಅವಳು ಒಳ್ಳೆಯ ಬಟ್ಟೆ ತೊಟ್ಟು ಮೈಕಿನ ಪಕ್ಕ ನಿಂತಿದ್ದಳು. ಹುಡುಗಿ ತನಗೆ ಕೊಟ್ಟದ್ದನ್ನು ಓದಿ ಮುಗಿಸಿದಳು. ಹೆಡ್‌ಮಿಸ್ ಅಲ್ಲಿ ಇರಲೇ ಇಲ್ಲ. ಹೊಸ ಟರ್ಮಿನ ಗಲಾಟೆ, ಆಫೀಸಿನ ತುಂಬ ಮಕ್ಕಳನ್ನು ಸೇರಿಸಲು ಬಂದವರು. ಅವರು ಪ್ರಾರ್ಥನೆ ಅರ್ಧವಾಗುವಾಗಲೇ ಒಳಗೆ ಹೋಗಿದ್ದರು. ಸುದ್ದಿ ಹೇಳಿ ಆಗಿದೆ ಎಂದೇ ಅವರ ಲೆಕ್ಕ. ಡ್ರಿಲ್ ಮೇಷ್ಟ್ರು ಸೀಟಿ ಊದಿದರು, ಮಕ್ಕಳು ಸಾಲಾಗಿ ತರಗತಿಗೆ ಹೋದರು. ಪುಟ್ಟಿಯ ಸುದ್ದಿ ಪುಟ್ಟಿಯ ಬಾಯಲ್ಲೇ ಉಳಿಯಿತು.

"ಆ ಹುಡುಗಿಗೆ ಹೇಳ್ಬಿಡೇ, ಓದ್ತಾಳೆ" ಎಂದೆ ಸಂಜೆ.

"ಯಾಕೆ ಹೇಳ್ಲಿ? ನಾಳೆ ಬೆಳಿಗ್ಗೆ ಇದೆಯಲ್ಲ. ಕರೀತಾರೆ."

"ಇಲ್ಲ, ನೀನೇ ಹೋಗಿ ಹೆಡ್‌ಮಿಸ್ಸನ್ನ ಕೇಳಬಾರದಾ?"

"ಕೇಳಿ ಇಸ್ಕೊಳ್ಳೋಕೆ ಅದೇನು ಪಕ್ಕದ ಮನೆ ಸಕ್ಕರೆನಾ?"

ಶುಕ್ರವಾರ ಬೆಳಿಗ್ಗೆಯೂ ಯಾರೂ ಕರೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದು ಕೂತಳು. ಅನ್ನ ಕಲಸಿದ್ದೇ ಕಲಸಿದ್ದು, ಬಾಯಿಗೆ ಹೋಗಲಿಲ್ಲ.

"ಅತ್ತಿಗೆ, ಕುರ್ಚಿ ಹಾಕ್ತಿದ್ದಾರೆ."

"ಮಕ್ಕಳಿಗೆ ಗೊತ್ತಾ?"

"ಒಬ್ಬರಿಗೂ ಗೊತ್ತಿಲ್ಲ. ಎಲ್ಲರೂ ಬರ್ತಾರೆ ತಾನೆ ಅಂತ ಹೆಡ್‌ಮಿಸ್ ಕೇಳಿದ್ರು. ಹೂಂ ಅಂದೆ."

ನಾನು ಸೌಟು ಕೆಳಗಿಟ್ಟೆ. ಅವಳೇ ಮೆಲ್ಲಗೆ ಹೇಳಿದಳು: "ಯಾರೂ ಬರದಿದ್ರೆ, ಸುದ್ದಿ ಓದೋಳು ಹೇಳಿಲ್ಲ ಅಂತಾಗುತ್ತೆ."

"ನನಗೆ ಕೊಟ್ಟೇ ಇಲ್ಲ ಅಂತ ಹುಡುಗಿ ಅಂದ್ರೆ?"

"ಕೊಟ್ಟಿದ್ದೆ ಅಂತೀನಿ. ಅವಳ ಮಾತಾ, ನನ್ನ ಮಾತಾ?"

ಅವಳ ಕೈ ತಟ್ಟೆಯಲ್ಲಿ ನಿಂತಿತ್ತು. ಕಣ್ಣಿನಲ್ಲಿ ಆ ಹಳೆಯ ಒಲೆ ಚೆನ್ನಾಗಿ ಹೊತ್ತಿಕೊಂಡಿತ್ತು. ಸುಮ್ಮನಿದ್ದರೆ ಸಾಕು, ಸೋಮವಾರ ಮೈಕು ಅವಳದು. ಒಂಬತ್ತನೇ ತರಗತಿಯ ಮಗುವಿನ ತಲೆಯ ಮೇಲೆ ತಪ್ಪು ಕೂರುತ್ತದೆ. ಇದು ಸರಿಯಲ್ಲ ಎಂದು ಬುದ್ಧಿ ಹೇಳಿದರೆ ಪುಟ್ಟಿ ಕೇಳುವವಳಲ್ಲ ಎಂದು ನನಗೆ ಗೊತ್ತು. ಉರಿಯುವ ಒಲೆಗೆ ನೀರು ಹೊಯ್ದರೆ ಹೊಗೆ ಬರುತ್ತದೆ ಅಷ್ಟೆ. ಅದರ ಮೇಲೆ ಏನಾದರೂ ಬೇಯಿಸಿಕೊಳ್ಳಬೇಕು.

"ಹಾಗಾದ್ರೆ ಈ ಟರ್ಮಿನ ಇಷ್ಟು ದೊಡ್ಡ ಸುದ್ದಿ ಯಾರೂ ಹೇಳಿದ ಹಾಗಾಗಲಿಲ್ಲ. ನೀನೂ ಹೇಳಲಿಲ್ಲ" ಎಂದೆ. "ಈಗ ಊಟದ ಬಿಡುವು. ಅವಳು ಓದೋ ಹೊತ್ತಲ್ಲ. ಈಗ ಹೋಗಿ ಹೇಳಿದ್ರೆ ಹೇಳಿದೋಳು ನೀನೊಬ್ಬಳೇ."

ಅವಳು ನನ್ನನ್ನು ನೋಡಿದಳು. ಎದ್ದು ಕೈ ತೊಳೆದಳು. ಬಾಗಿಲಲ್ಲಿ ಒಮ್ಮೆ ಕನ್ನಡಿ ನೋಡಿಕೊಂಡೇ ಹೋದಳು.

ನಾನು ಕಿಟಕಿಯ ಹತ್ತಿರ ನಿಂತೆ. ಮಕ್ಕಳು ಕೆಲವರು ನಲ್ಲಿಯ ಬಳಿ ಡಬ್ಬಿ ತೊಳೆಯುತ್ತಿದ್ದರು, ಕೆಲವರು ಓಡುತ್ತಿದ್ದರು. ಮೈಕು ಕೊರ್ ಎಂದಿತು. ಪುಟ್ಟಿಯ ಧ್ವನಿ ಬಂತು: "ಸಮಸ್ತ ವಿದ್ಯಾರ್ಥಿ ವೃಂದದ ಅವಗಾಹನೆಗೆ..." ಅಲ್ಲಿಂದ ಮುಂದೆ ಏರಿತು, ಇಳಿಯಿತು, ಟ್ಯಾಂಕಿಗೆ ಹೊಡೆಯಿತು, ತಿರುಗಿ ಬಂದು ಮುಂದಿನ ಮಾತಿನ ಮೇಲೆ ಬಿತ್ತು. ಏನು ಹೇಳುತ್ತಾಳೆಂದು ಮೊದಲೇ ಗೊತ್ತಿದ್ದ ನನಗೂ ಶುಕ್ರವಾರ ಎಲ್ಲಿದೆ, ಮೂರು ಗಂಟೆ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ. ಮಕ್ಕಳು ಮರ್ಯಾದೆಗೆ ಒಂದು ಗಳಿಗೆ ನಿಂತರು. ಧ್ವನಿ ನಿಂತಿತು. ಮತ್ತೆ ಓಡತೊಡಗಿದರು. ಒಬ್ಬರೂ ಮನೆಯ ಕಡೆ ಹೊರಡಲಿಲ್ಲ.

ಇಸ್ತ್ರಿಯವನ ಮಗಳು ಒದ್ದೆ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಹತ್ತಿರ ಬಂದಳು. ಮೈಕು ಆರಿಸಿರಲಿಲ್ಲವಾದ್ದರಿಂದ ಅವರ ಮಾತು ನನಗೂ ಬಂತು.

"ಟೀಚರ್, ಸಭೆ ಇವತ್ತೇನಾ?"

"ಇನ್ನೇನು ಮತ್ತೆ? ಇಷ್ಟು ಹೊತ್ತು ಹೇಳಿದ್ದೇನು?"

"ಅಯ್ಯೋ" ಎಂದಳು ಹುಡುಗಿ. ಮರುಕ್ಷಣ ಆ ತೆಳ್ಳನೆಯ ಧ್ವನಿ, ಒಂದೊಂದು ಮಾತಿಗೂ ಟ್ಯಾಂಕು ಸುಮ್ಮನಾಗುವವರೆಗೆ ಕಾಯುತ್ತಾ: "ಎಲ್ಲರೂ ಕೇಳಿ. ಪೋಷಕರ ಸಭೆ ನಾಳೆ ಅಲ್ಲ. ಇವತ್ತು. ಮೂರು ಗಂಟೆಗೆ. ಈಗಲೇ ಮನೆಗೆ ಓಡಿ."

ಬಯಲು ಖಾಲಿಯಾಯಿತು. ಧೂಳು ನನ್ನ ಕಿಟಕಿಯವರೆಗೆ ಬಂತು.

ಮೂರು ಗಂಟೆಗೆ ಜನ ಇದ್ದ ಹಾಗೇ ಬಂದರು. ಹಿಟ್ಟಿನ ಗಿರಣಿಯವನು ರೆಪ್ಪೆಯ ಮೇಲೆ ಹಿಟ್ಟು ಹೊತ್ತು, ಗ್ಯಾರೇಜಿನವನು ಕಪ್ಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಇಸ್ತ್ರಿಯವನ ಅಂಗಿಯಲ್ಲಿದ್ದಷ್ಟು ಸುಕ್ಕು ಬೇರೆ ಯಾರದರಲ್ಲೂ ಇರಲಿಲ್ಲ. ಹೆಡ್‌ಮಿಸ್ ಅವನನ್ನು ಎದ್ದು ನಿಲ್ಲಿಸಿ, ಊಟದ ಬಿಡುವಿನಲ್ಲಿ ಮತ್ತೊಮ್ಮೆ ನೆನಪಿಸಿ ಇಷ್ಟು ಜನರನ್ನು ಕರೆಸಿದ್ದು ನಿಮ್ಮ ಮಗಳು, ಇನ್ನು ಮೇಲೆ ಮೈಕು ಅವಳದೇ ಎಂದರು. ಆ ಚಪ್ಪಾಳೆ ನನ್ನ ಒಲೆಯ ಮುಂದೆಯೂ ಕೇಳಿಸಿತು.

ಸಂಜೆ ಪುಟ್ಟಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

"ನಾನು ಹೇಳಿದ್ದು ಇಲ್ಲಿಗೆ ಕೇಳಿಸ್ತಾ ಅತ್ತಿಗೆ?"

"ಕೇಳಿಸ್ತು."

"ಏನಂತ?"

ನನಗೆ ಸುಳ್ಳು ಬೇಗ ಹೊಳೆಯುವುದಿಲ್ಲ. "ಧ್ವನಿ ಬಂತು ಪುಟ್ಟಿ. ಚೆನ್ನಾಗಿತ್ತು. ಮಾತು ಬರಲಿಲ್ಲ."

"ಇವತ್ತೊಂದಿನನಾ?"

"ಯಾವತ್ತೂ ಬಂದಿಲ್ಲ. ಓದಿದೋರ ಭಾಷೆ ಅಂದ್ಕೊಂಡಿದ್ದೆ."

"ಅವಳದು?"

"ಅವಳದು ಒಗ್ಗರಣೆ ಚಟಪಟ ಅನ್ನುವಾಗಲೂ ತಿಳಿಯುತ್ತೆ."

ಅಳುತ್ತಾಳೇನೋ ಎಂದು ನೋಡಿದೆ. ಇಲ್ಲ. "ಆ ಟ್ಯಾಂಕು ಅಲ್ಲಿ ಕಟ್ಟಿಸಿದೋನ ಮನೆ ಹಾಳಾಗ" ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ಸುದ್ದಿಯನ್ನು ಎರಡು ದಿನ ಬಾಯಲ್ಲೇ ಇಟ್ಟುಕೊಂಡಿದ್ದಳೆಂದು ಹೆಡ್‌ಮಿಸ್ಸಿಗೆ ಕಡೆಗೂ ತಿಳಿಯಲಿಲ್ಲ. ಹುಡುಗಿಗೆ ತಿಳಿದಿತ್ತೋ ಏನೋ, ಅವಳೂ ಬಾಯಿ ಬಿಡಲಿಲ್ಲ.

ಸೋಮವಾರ ಪುಟ್ಟಿ ಪ್ರಾರ್ಥನೆಗೆ ಹೋಗಲಿಲ್ಲ. ಟೀ ಲೋಟ ಹಿಡಿದು ನನ್ನ ಕಿಟಕಿಯ ಹತ್ತಿರ ನಿಂತಳು. ಹುಡುಗಿ ಓದಿದಳು. ಇವಳು ಕಿವಿ ನಿಮಿರಿಸಿ, "ನೋಡಿ, ಅಲ್ಲಿ ಉಸಿರು ಬಿಟ್ಲು. ಹೆಸರು ನುಂಗಿದ್ಲು, ಕೇಳಿದ್ರಾ?" ಎಂದಳು. ನನಗೆ ಏನೂ ಕೇಳಿಸಿರಲಿಲ್ಲ. ಲೋಟ ಇಟ್ಟು, ಸಣ್ಣ ಬಾಗಿಲಿನಿಂದ ದಡದಡ ಓಡಿ ಹೋಗಿ ಆ ತಪ್ಪನ್ನು ಹುಡುಗಿಯ ಮುಖಕ್ಕೇ ಹೇಳಿ ಬಂದಳು. ಅದೇ ಅವಳ ದಿನಚರಿಯಾಯಿತು. ತಪ್ಪು ಸಿಗಬೇಕಾದರೆ ಸುದ್ದಿ ಕೊಡಬೇಕಲ್ಲ, ಒಳ್ಳೆಯ ಸುದ್ದಿಗಳನ್ನೂ ಕೊಡತೊಡಗಿದಳು. ಇವಳು ಹೇಳಿದ ತಪ್ಪನ್ನು ಹುಡುಗಿ ಎರಡನೇ ಸಲ ಮಾಡುತ್ತಿರಲಿಲ್ಲ. ಹೀಗೆ ಹೊಟ್ಟೆಕಿಚ್ಚಿಗೆ ತಪ್ಪು ಹುಡುಕಿ ಹುಡುಕಿ, ಆ ಹುಡುಗಿಯನ್ನು ತಪ್ಪೇ ಇಲ್ಲದವಳನ್ನಾಗಿ ಮಾಡಿಬಿಟ್ಟಳು. ಒಂದು ದಿನ ಹುಡುಕಿದರೂ ಏನೂ ಸಿಗದೆ, ಟೀ ಚೆನ್ನಾಗಿಲ್ಲ ಎಂದು ನನ್ನ ಮೇಲೆ ರೇಗಿದಳು.

ಹುಡುಗಿ ಹತ್ತನೇ ತರಗತಿ ಮುಗಿಸಿ ಹೋದಳು. ದೊಡ್ಡವಳಾದ ಮೇಲೆ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ಕೆಲಸ ಸಿಕ್ಕಿತು. ಆ ಹೊತ್ತಿಗೆ ಪುಟ್ಟಿಗೂ ನಿವೃತ್ತಿಯಾಗಿತ್ತು. ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಆಗಾಗ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. "ಮಾತಾಡಿಸಿದೆಯಾ?" ಎಂದರೆ, "ನಾನ್ಯಾಕೆ ಮಾತಾಡಿಸ್ಲಿ? ಸಂಜೆ ಹೊತ್ತು ಧ್ವನಿ ಸ್ವಲ್ಪ ಇಳಿಯುತ್ತೆ ಅವಳದು" ಎನ್ನುತ್ತಿದ್ದಳು.

ಕಾಲು ಊದಿಕೊಂಡು ಓಡಾಟ ನಿಂತ ಮೇಲೆ ಅವಳ ಮಂಚವನ್ನು ಅಡುಗೆಮನೆಯ ಕಿಟಕಿಯ ಕೆಳಗೆ ಹಾಕಿಸಿದೆ. ಈ ವರ್ಷವೂ ಹೊಸ ಟರ್ಮು ಶುರುವಾಯಿತು. ಸುದ್ದಿ ಓದಲು ಎಂಟನೇ ತರಗತಿಯ ಹೊಸ ಹುಡುಗಿ. ಬೆಳಿಗ್ಗೆ ಹಾಲು ತಂದವಳು ಪಾತ್ರೆಗೆ ಹಾಲು ಸುರಿಯುತ್ತಾ ಹೊರಗೆ ಕಿವಿಗೊಟ್ಟು, "ಅಬ್ಬಾ, ಏನು ಓದ್ತಾಳಮ್ಮ ಈ ಮಗು! ಇಂಥ ಬಾಯಿ ಈ ಶಾಲೆಯಲ್ಲಿ ಯಾವತ್ತೂ ಇರಲಿಲ್ಲ ಬಿಡಿ" ಎಂದಳು.

ಮಂಚದ ಮೇಲೆ ಪುಟ್ಟಿ ಕಣ್ಣು ತೆರೆದಳು. ಎರಡು ದಿನದಿಂದ ನೀರು ಬೇಕೆಂದು ಕೂಡ ಕೇಳಿರಲಿಲ್ಲ. ಹಾಲಿನವಳು ಹೋಗುವವರೆಗೆ ಕಾದಳು. ಮೊಣಕೈ ಊರಿ ತಲೆಯನ್ನು ಕಿಟಕಿಯ ಕಡೆಗೆ ಎತ್ತಲು ನೋಡಿದಳು, ನಾನು ಬೆನ್ನಿಗೆ ಕೈ ಕೊಟ್ಟೆ. ಓದು ಮುಗಿಯುವವರೆಗೂ ಹುಬ್ಬು ಗಂಟಿಕ್ಕಿ ಕೇಳಿದಳು. ಮರುದಿನದಿಂದ ಅವಳಿಗೆ ಮಾತು ಹೊರಡಲಿಲ್ಲ. ಅಂದು ನನ್ನ ತೋಳು ಬಿಗಿಯಾಗಿ ಹಿಡಿದು ಕೇಳಿದ್ದು ಇಷ್ಟೇ:

"ಇಸ್ತ್ರಿಯವರ ಹುಡುಗಿಗಿಂತ ಇವಳೇನು ಹೆಚ್ಚಾ, ಅತ್ತಿಗೆ?"